ಹೆಂಡತಿಯ ಶಾಲೆ ಜಿಲ್ಲೆಗೆ ಮೊದಲು ಬಂದದ್ದು

ಪತ್ರಿಕಾ ಕಚೇರಿಯಲ್ಲಿ ಬಹಳ ವರ್ಷ ಕೂತವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ, ಆದರೆ ಯಾರೂ ಹೊರಗೆ ಬಾಯಿ ಬಿಡುವುದಿಲ್ಲ. ಜನ ನಾವು ಬರೆದದ್ದನ್ನು ಓದುವುದಿಲ್ಲ. ಬಿಸಿಲಲ್ಲಿ ಅಲೆದು, ನಾಲ್ಕು ಜನರನ್ನು ಮಾತಾಡಿಸಿ, ಒಬ್ಬೊಬ್ಬರ ಮಾತನ್ನೂ ಎರಡೆರಡು ಸಲ ಖಚಿತಪಡಿಸಿಕೊಂಡು ಬರೆದ ವರದಿಯನ್ನು ಅವರು ಶೀರ್ಷಿಕೆಯಲ್ಲೇ ಮುಗಿಸಿ ರಾಶಿಭವಿಷ್ಯಕ್ಕೆ ಹೋಗುತ್ತಾರೆ. ಅದೇ ಪುಟದಲ್ಲಿ ಒಂದು ಪಟ್ಟಿ ಹಾಕಿ, ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಕೊಟ್ಟು ನೋಡಿ. ಕನ್ನಡಕ ಹುಡುಕಿಕೊಂಡು ಬರುತ್ತಾರೆ. ಮೊದಲು ತಮ್ಮ ಹೆಸರು, ಆಮೇಲೆ ಆಗದವರ ಹೆಸರು, ಅದು ತಮಗಿಂತ ಕೆಳಗಿದ್ದರೆ ಒಂದು ಕಪ್ ಚಹಾ ಜಾಸ್ತಿ. ನನ್ನ ವೃತ್ತಿಜೀವನದಲ್ಲಿ ನಾನು ನಿಜವಾಗಿ ಕಲಿತದ್ದು ಇಷ್ಟೇ. ಕಲಿತದ್ದನ್ನು ಬಳಸಲು ಹೋಗಿಯೇ ಮನೆಯಲ್ಲಿ ಸಿಕ್ಕಿಬಿದ್ದೆ.

ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಜಿಲ್ಲಾ ಪುಟ ನೋಡಿಕೊಳ್ಳುವ ಉಪಸಂಪಾದಕ. ಮನೆ ದೇಶಪಾಂಡೆ ನಗರದಲ್ಲಿ. ಹೆಂಡತಿ ಗಿರಿಜಾ ಧಾರವಾಡ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಹಳ್ಳಿಯ ಹೆಸರು ಬರೆಯುವುದಿಲ್ಲ. ನಾನು ಆ ದಾರಿಯಲ್ಲಿ ಇನ್ನೂ ಓಡಾಡಬೇಕು. ಅಲ್ಲಿನ ಗಣಿತ ಮಾಸ್ತರು ನಿವೃತ್ತರಾದ ಮೇಲೆ ಆ ವಿಷಯವೂ ಗಿರಿಜಾಳ ತಲೆಗೇ ಬಂದಿತ್ತು. ಛಂದಸ್ಸಿನಲ್ಲಿ ಮಾತ್ರೆ ಎಣಿಸುವುದಕ್ಕಿಂತ ಹೆಚ್ಚಿನ ಲೆಕ್ಕ ತನಗೆ ಬರುವುದಿಲ್ಲವೆಂದು ಆಕೆ ಶಿಕ್ಷಣ ಇಲಾಖೆಯ ಕಚೇರಿಗೆ ಅರ್ಜಿಯ ಮೇಲೆ ಅರ್ಜಿ ಹಾಕಿದ್ದಳು. ಕಡೆಗೆ ಒಬ್ಬ ಗಣಿತ ಶಿಕ್ಷಕರನ್ನು ಕಳಿಸುವ ಆದೇಶ ಸಿದ್ಧವಾಗಿ ಸಹಿಗಾಗಿ ಕಾಯುತ್ತಿತ್ತು. ಈ ಹಂತದಲ್ಲಿ ನಾನು ಪ್ರವೇಶಿಸಿದೆ.

ಆರರಿಂದ ಎಂಟನೇ ತರಗತಿಯ ಮಕ್ಕಳು ಎಷ್ಟು ಕಲಿತಿದ್ದಾರೆಂದು ನೋಡಲು ಜಿಲ್ಲೆಯಲ್ಲೆಲ್ಲ ಒಂದು ಪರೀಕ್ಷೆ ನಡೆದಿತ್ತು. ಯಾವ ಶಾಲೆಗೆ ಯಾವ ನೆರವು ಬೇಕೆಂದು ತಿಳಿಯುವುದಷ್ಟೇ ಅದರ ಉದ್ದೇಶ. ಶಾಲಾವಾರು ಸರಾಸರಿ ಅಂಕಗಳು ನನ್ನ ಮೇಜಿಗೆ ಬಂದಾಗ ತಾಲ್ಲೂಕುಗಳ ಕ್ರಮದಲ್ಲಿ ನಿದ್ದೆ ಬರುವಂತೆ ಮಲಗಿದ್ದವು. ನಾನು ಅವನ್ನು ಎಬ್ಬಿಸಿ, ಹೆಚ್ಚಿನಿಂದ ಕಡಿಮೆಗೆ ಸಾಲಾಗಿ ನಿಲ್ಲಿಸಿದೆ. ನಿಲ್ಲಿಸಿ ನೋಡಿದರೆ ಎಲ್ಲರಿಗಿಂತ ಮೇಲೆ ನನ್ನ ಹೆಂಡತಿಯ ಶಾಲೆ! ಎಲ್ಲರಿಗಿಂತ ಕೆಳಗೆ ಹಳೇ ಹುಬ್ಬಳ್ಳಿಯ ಓಣಿಯೊಂದರ ಶಾಲೆ. 'ನಗರ ಹಿಂದೆ, ಹಳ್ಳಿ ಮುಂದೆ' ಎಂಬ ಶೀರ್ಷಿಕೆ ತಾನೇ ನಡೆದು ಬಂತು. ಮೂಲದ ಹಾಳೆಯ ಅಡಿಯಲ್ಲಿ 'ಈ ಅಂಕಗಳು ಶಾಲೆಗಳ ನಡುವಿನ ಹೋಲಿಕೆಗೆ ಅಲ್ಲ' ಎಂದು ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಪುಟದಲ್ಲಿ ಸರಿಯಾಗಿ ಒಂದು ಸಾಲು ಹೆಚ್ಚಾಗಿತ್ತು. ಯಾವುದನ್ನು ತೆಗೆದೆನೆಂದು ಹೇಳಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ಪತ್ರಿಕೆಯನ್ನು ಆ ಪುಟಕ್ಕೇ ಮಡಚಿ, ಚಹಾದ ಪಕ್ಕದಲ್ಲಿಟ್ಟು, ಏನೂ ತಿಳಿಯದವನಂತೆ ಕೂತೆ. ಮದುವೆಯ ವಾರ್ಷಿಕೋತ್ಸವ ಮರೆತು ಬಹಳ ದಿನವಾಗಿರಲಿಲ್ಲ. ಆ ಬಾಕಿಯೂ ಇದರಲ್ಲೇ ತೀರಲಿ ಎಂಬ ಲೆಕ್ಕಾಚಾರ. ಗಿರಿಜಾ ಓದಿದಳು. ಲೋಟ ಕೆಳಗಿಟ್ಟಳು.

"ಇದನ್ನ ಯಾರ್ ಬರದಾರ್ರಿ?"

"ನಾನ," ಎಂದೆ, ವಿನಯದಿಂದ.

"ಹೌದನ? ನಮ್ಮ ಸಾಲಿ ಹುಡುಗರು ಇನ್ನೂ ಭಾಗಾಕಾರ ಅಂದ್ರ ಹೊರಗ ನೀರ ಕುಡ್ಯಾಕ ಓಡ್ತಾರ. ಜಿಲ್ಲಾಕ್ಕ ಮೊದಲ ಹೆಂಗ ಬಂದ್ರು ಅಂತ ಒಂದ್ ಮಾತ ಮನ್ಯಾಗ ಕೇಳಬೇಕಂತ ಅನಿಸಲಿಲ್ಲೇನು ನಿಮಗ? ಊರ ಮಂದೀನ್ನೆಲ್ಲಾ ಫೋನ್ ಮಾಡಿ ಕೇಳ್ತೀರಿ."

ಆಮೇಲೆ ತಿಳಿಯಿತು. ಈ ಪರೀಕ್ಷೆಯಲ್ಲಿ ಒಂದು ಶಾಲೆಯವರು ಇನ್ನೊಂದು ಶಾಲೆಗೆ ಮೇಲ್ವಿಚಾರಣೆಗೆ ಹೋಗಬೇಕು. ಗಿರಿಜಾಳ ಶಾಲೆಗೆ ಪಕ್ಕದೂರಿನ ಶಾಲೆಯ ಅಂಗಡಿ ಎಂಬ ಮಾಸ್ತರು ಬಂದಿದ್ದರು. ಆರನೇ ತರಗತಿಯ ಮಕ್ಕಳಿಗೆ ಪ್ರಶ್ನೆ ಓದಲು ಕಷ್ಟವಾದೀತೆಂದು ಅವರೇ ಓದಿ ಹೇಳಿದರು. ಏಳು ಮತ್ತು ಎಂಟನೆಯವರು ಬೇಜಾರು ಮಾಡಿಕೊಳ್ಳಬಾರದೆಂದು ಅವರಿಗೂ ಓದಿದರು. ಪ್ರತಿ ಪ್ರಶ್ನೆಗೆ ಕೊಟ್ಟ ನಾಲ್ಕು ಉತ್ತರಗಳನ್ನು ಓದುವಾಗ ಸರಿಯಾದದ್ದರ ಹತ್ತಿರ ಬಂದ ಕೂಡಲೇ ಅವರಿಗೊಂದು ಕೆಮ್ಮು ಬರುತ್ತಿತ್ತು.

"ಅವತ್ತ ಅವರಿಗೆ ಖರೇನ ನೆಗಡಿ ಆಗಿದ್ರ ನಾವೂ ಕಡೀಕ ಇರ್ತಿದ್ವಿ," ಎಂದಳು ಗಿರಿಜಾ.

"ಮತ್ತ ನೀ ಎಲ್ಲಿಗೆ ಹೋಗಿದ್ದಿ?"

"ಹಳೇ ಹುಬ್ಬಳ್ಳಿಗೆ. ಆ ಕಡೀ ನಂಬರ್ ಹಾಕೀರಲ್ಲ, ಅದ ಸಾಲಿಗೆ."

ನನಗೆ ಆ ಶಾಲೆಯ ಮಕ್ಕಳ ಬಗ್ಗೆ ಆಗಲೇ ಮರುಕ ಹುಟ್ಟಿತು. ನನ್ನ ಹೆಂಡತಿಯನ್ನು ನಾನು ಬಲ್ಲೆ. ಸಂತೆಯಲ್ಲಿ ಆಕೆ ತಕ್ಕಡಿಯ ಮುಳ್ಳು ನಿಂತ ಮೇಲೂ ಇನ್ನೊಮ್ಮೆ ನಿಲ್ಲಲೆಂದು ಕಾಯುವವಳು. ಆ ಶಾಲೆಯ ಗೋಡೆಯ ಮೇಲೆ ಮಗ್ಗಿಗಳನ್ನು ದೊಡ್ಡದಾಗಿ ಬರೆಸಿದ್ದರಂತೆ. ಈಕೆ ಅಲ್ಲಿನ ಮುಖ್ಯಗುರುಗಳ ಕೋಣೆಯಿಂದ ಜಮಖಾನೆ ತರಿಸಿ, ಗೋಡೆಗೆ ಇಳಿಬಿಟ್ಟು, ಮಗ್ಗಿ ಮುಚ್ಚಿ ಪರೀಕ್ಷೆ ನಡೆಸಿದ್ದಳು. ಮಕ್ಕಳು ತಮಗೆ ಬಂದದ್ದನ್ನು ತಾವೇ ಬರೆದರು. ಇಡೀ ಜಿಲ್ಲೆಯಲ್ಲಿ ಅಂಥ ಪ್ರಯೋಗ ಎಷ್ಟು ಕಡೆ ನಡೆಯಿತೋ ಗೊತ್ತಿಲ್ಲ. ನಡೆದ ಕಡೆ ಫಲಿತಾಂಶ ಏನಾಯಿತೆಂಬುದನ್ನು ನಾನು ಕಪ್ಪು ಮಸಿಯಲ್ಲಿ ಅಚ್ಚು ಹಾಕಿದ್ದೆ.

ಅಷ್ಟರಲ್ಲಿ ಅಂಗಡಿ ಮಾಸ್ತರ ಫೋನ್ ಬಂತು. ಗಿರಿಜಾ ಅದನ್ನು ಸ್ಪೀಕರಿಗೆ ಹಾಕಿ ನನ್ನ ಮುಂದಿಟ್ಟಳು.

"ಅಕ್ಕಾರ, ಪೇಪರ್ ನೋಡಿದ್ರೇನ್ರಿ? ಹೆಂಗೈತಿ ನಮ್ಮ ಕೆಲಸ!"

"ಸರ, ಯಾಕ್ ಹಿಂಗ ಮಾಡಿದ್ರಿ?"

"ಅಲ್ಲ್ರಿ ಅಕ್ಕಾರ, ನಿಮ್ಮ ಸಾಲ್ಯಾಗ ಬಿಸಿ ಉಪ್ಪಿಟ್ಟ ತಿಂದು, ಮ್ಯಾಲೆ ಎರಡ್ ಸಲ ಚಹಾ ಕುಡದು, ನಿಮ್ಮ ಹುಡುಗರನ್ನ ಕೆಳಗ ಹಾಕೂದು ಮನಶ್ಯಾರ ಲಕ್ಷಣ ಏನ್ರಿ? ನಮ್ಮ ಸಾಲೀಗೆ ಬಂದಿದ್ದವ್ರು ನೋಡ್ರಿ, ಚಹಾನೂ ಬ್ಯಾಡ ಅಂದ್ರು. ನನಗ ಆವಾಗ ಗೊತ್ತಾತು, ನಮ್ದು ಮುಗೀತು ಅಂತ."

ಜಿಲ್ಲೆಯ ಶೈಕ್ಷಣಿಕ ಸಾಧನೆಯ ಬಗ್ಗೆ ಇಷ್ಟು ನಿಖರವಾದ ವಿಶ್ಲೇಷಣೆ ನನ್ನ ವರದಿಯಲ್ಲಿ ಇರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಇಷ್ಟಕ್ಕೇ ಮುಗಿದಿದ್ದರೆ ನಗಬಹುದಿತ್ತು. ಆ ವಾರ ಶಿಕ್ಷಣ ಇಲಾಖೆಯ ಸಭೆಯಲ್ಲಿ ಮೇಲಿನ ಸಾಹೇಬರು ನನ್ನ ಪುಟವನ್ನೇ ಎತ್ತಿ ಹಿಡಿದು, ಮೊದಲ ಸ್ಥಾನದ ಶಾಲೆಗೆ ಗಣಿತ ಶಿಕ್ಷಕರನ್ನು ಕೊಟ್ಟು ಕೊನೆಯ ಶಾಲೆಯನ್ನು ಬಿಡುವುದು ಯಾವ ನ್ಯಾಯ ಎಂದು ಕೇಳಿದರಂತೆ. ಸಹಿಗೆ ಕಾಯುತ್ತಿದ್ದ ಆದೇಶದಲ್ಲಿ ಊರಿನ ಹೆಸರು ಬದಲಾಯಿತು. ಗಣಿತ ಶಿಕ್ಷಕರು ಹಳೇ ಹುಬ್ಬಳ್ಳಿಗೆ ಹೋದರು. ಅಲ್ಲಿ ಆಗಲೇ ಒಬ್ಬ ಒಳ್ಳೆಯ ಗಣಿತ ಶಿಕ್ಷಕರಿದ್ದರು. ಈಗ ಇಬ್ಬರೂ ಒಂದೇ ಕರಿಹಲಗೆಯನ್ನು ಸರದಿಯಲ್ಲಿ ಬಳಸಬೇಕಾಯಿತು. ಗಿರಿಜಾಳ ಹಳ್ಳಿಯಲ್ಲಿ ಮಾತ್ರ ಕರಿಹಲಗೆ ಪುರಸೊತ್ತಾಗಿತ್ತು. ಊರಿನವರು ಶಾಲೆಗೆ ಬಂದು ಆಕೆಗೆ ಶಾಲು ಹೊದಿಸಿದರು. ಆಕೆ ಅದನ್ನು ಮನೆಗೆ ತಂದು ನನ್ನ ಕುರ್ಚಿಯ ಮೇಲೆ ಹಾಕಿ, "ನಿಮ್ದು, ತಗೋರಿ," ಎಂದಳು. ಅದರ ಮೇಲೆ ಕೂರಲೂ ಆಗದೆ, ತೆಗೆದಿಡಲೂ ಆಗದೆ, ಆ ಸಂಜೆ ನಿಂತೇ ಊಟ ಮಾಡಿದೆ.

ವರದಿಗಾರನಾಗಿದ್ದಾಗ ಕಲಿತ ಶಿಸ್ತಿನಂತೆ ನೇರ ಮೂಲದ ಹತ್ತಿರ ಹೋದೆ. ಅಂಕಗಳ ಹಾಳೆ ಕಳಿಸಿದ್ದ ಅಧಿಕಾರಿ ಪರಿಚಯದವರೇ. ಪರೀಕ್ಷೆ ನಡೆದ ರೀತಿಯನ್ನು ವಿವರಿಸಿ, ಈ ಅಂಕಗಳನ್ನು ನಂಬಿ ಶಿಕ್ಷಕರನ್ನು ಹಂಚಬೇಡಿ ಎಂದೆ. ಅವರು ಮೇಜಿನ ಮೇಲಿದ್ದ ನನ್ನದೇ ಪತ್ರಿಕೆಯನ್ನು ನನ್ನ ಕಡೆ ತಿರುಗಿಸಿದರು.

"ಪೇಪರ್‍ನ್ಯಾಗ ಬಂದೈತಲ್ರಿ."

"ಸರ, ಅದು ನೀವು ಕೊಟ್ಟ ಅಂಕಿ."

"ಅಂಕಿ ನಮ್ದು. ಒಂದು ಎರಡು ಅಂತ ನಂಬರ್ ಹಚ್ಚಿದವ್ರು ನೀವು. ನಾವು ಹೋಲಿಸಬ್ಯಾಡ್ರಿ ಅಂತ ಬರದಿದ್ವಿ. ಆ ಸಾಲು ಎಲ್ಲಿ ಹೋತು?"

ಜಾಗ ಇರಲಿಲ್ಲ ಎಂದೆ. ಅವರು ಪುಟವನ್ನು ನಿಧಾನವಾಗಿ ನೋಡಿ, ಬೆಳ್ಳುಳ್ಳಿಯ ಆರೋಗ್ಯ ಗುಣಗಳ ಕುರಿತ ಒಂದು ತುಣುಕಿನ ಮೇಲೆ ಬೆರಳಿಟ್ಟರು. ನಾನು ಎದ್ದು ಬಂದೆ.

ಗಿರಿಜಾ ಆಗಲೇ ತನ್ನ ದಾರಿ ಹುಡುಕಿಕೊಂಡಿದ್ದಳು. ಅದೇ ಪ್ರಶ್ನೆಪತ್ರಿಕೆಯನ್ನು ತನ್ನ ಶಾಲೆಯ ಮಕ್ಕಳಿಗೆ ತಾನೇ ಇನ್ನೊಮ್ಮೆ ಕೊಟ್ಟು, ದೂರ ದೂರ ಕೂರಿಸಿ, ಬಾಯಿ ಮುಚ್ಚಿಕೊಂಡು ಮೇಲ್ವಿಚಾರಣೆ ಮಾಡಿದಳು. ಬಂದ ಅಂಕಗಳು ಹಳೇ ಹುಬ್ಬಳ್ಳಿಯ ಶಾಲೆಯದಕ್ಕಿಂತ ಎಷ್ಟೋ ಕೆಳಗಿದ್ದವು. ಅವನ್ನು ನನ್ನ ಮುಂದಿಟ್ಟು, "ಹಾಕ್ರಿ," ಎಂದಳು.

ನಾನು ಗಂಟಲು ಸರಿಮಾಡಿಕೊಂಡು ಪತ್ರಿಕಾ ಧರ್ಮವನ್ನು ವಿವರಿಸಿದೆ. ಇದು ಅಧಿಕೃತ ಪರೀಕ್ಷೆಯಲ್ಲ. ಬೇರೆ ಮೂಲದಿಂದ ದೃಢಪಟ್ಟಿಲ್ಲ. ಅದಕ್ಕಿಂತ ಮುಖ್ಯವಾಗಿ, ಸ್ವಂತ ಹೆಂಡತಿಯ ಶಾಲೆಯ ವಿಷಯವನ್ನು ನಾನು ಬರೆದರೆ ಪಕ್ಷಪಾತವಾಗುತ್ತದೆ.

ಗಿರಿಜಾ ಕೊನೆಯತನಕ ಕೇಳಿದಳು. ತರಗತಿಯಲ್ಲಿ ದಡ್ಡ ಉತ್ತರ ಹೇಳುವವರಿಗೂ ಆಕೆ ಪೂರ್ತಿ ಅವಕಾಶ ಕೊಡುತ್ತಾಳಂತೆ.

"ಮೊದಲನೇ ನಂಬರ್ ಹಾಕಾಕ ಹತ್ತಿದ್ರಲ್ಲ, ಆವತ್ತ ನಾ ನಿಮಗ ಯಾರ ಆಗಿದ್ನಿ?"

ಇದಕ್ಕೆ ಪತ್ರಿಕಾ ಧರ್ಮದಲ್ಲಿ ಉತ್ತರವಿದ್ದರೆ ಹಿರಿಯರು ದಯವಿಟ್ಟು ತಿಳಿಸಬೇಕು.

ಮರುದಿನ ಸಂಪಾದಕರ ಒಪ್ಪಿಗೆ ಪಡೆದು ಎಲ್ಲವನ್ನೂ ಬರೆದೆ. ಪರೀಕ್ಷೆ ಹೇಗೆ ನಡೆಯುತ್ತದೆ, ಒಂದು ಶಾಲೆಯ ಅಂಕ ಇನ್ನೊಂದರ ಜೊತೆ ಏಕೆ ಹೋಲಿಸಬಾರದು, ನಾನು ಯಾವ ಸಾಲನ್ನು ಕೈಬಿಟ್ಟೆ, ಮೊದಲು ಬಂದ ಶಾಲೆಯ ಮಕ್ಕಳಿಗೆ ಗಣಿತ ಶಿಕ್ಷಕರು ಏಕೆ ಬೇಕು. ಅಂಗಡಿ ಮಾಸ್ತರ ಹೆಸರು ಬಿಟ್ಟೆ. ಅವರ ಸೌಜನ್ಯ ಬಿಡಲಿಲ್ಲ. ಪಾರದರ್ಶಕತೆಗಾಗಿ ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: 'ಲೇಖಕರ ಪತ್ನಿ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಶಾಲೆಯ ಶಿಕ್ಷಕಿ.' ನನ್ನ ಬದುಕಿನಲ್ಲೇ ಅತ್ಯಂತ ಎಚ್ಚರದಿಂದ ಬರೆದ ಲೇಖನ ಅದು.

ಜನ ಕೊನೆಯ ವಾಕ್ಯವನ್ನಷ್ಟೇ ಓದಿದರು.

ಮಧ್ಯಾಹ್ನದ ಹೊತ್ತಿಗೆ ಜಿಲ್ಲೆಯಲ್ಲೆಲ್ಲ ಸುದ್ದಿ: ಪೇಪರಿನವ ಹೆಂಡತಿಯ ಸಾಲಿಗೆ ಮೊದಲನೇ ನಂಬರ್ ಕೊಟ್ಟಿದ್ದಾನೆ. ಎರಡನೆಯ ಸ್ಥಾನದ ಶಾಲೆಯವರು ಇಲಾಖೆಯ ಕಚೇರಿಗೆ ದೂರು ಕೊಟ್ಟರು. ಮೂರನೆಯವರು ಬೆಂಬಲಿಸಿದರು. ಪಟ್ಟಿಯನ್ನು ಸಭೆಯಲ್ಲಿ ಎತ್ತಿ ಹಿಡಿದಿದ್ದ ಸಾಹೇಬರಿಗೆ ಈಗ ಆ ಶಾಲೆಯ ಹೆಸರು ಕೇಳಿದರೆ ಕಿರಿಕಿರಿಯಾಗತೊಡಗಿತು. ಮಕ್ಕಳ ಕಲಿಕೆ, ಅಂಕಗಳ ಅರ್ಥ ಇತ್ಯಾದಿಗಳನ್ನು ನಾನು ಎಷ್ಟು ವಿವರಿಸಿದರೂ ಅಲುಗದಿದ್ದ ಕಚೇರಿ, ಗಂಡ ಹೆಂಡತಿಯ ಒಳಸಂಚು ಎಂದ ಕೂಡಲೇ ಎದ್ದು ನಿಂತಿತು. ಸದರಿ ಶಾಲೆಯ ಸಾಧನೆ ಪ್ರಶ್ನಾರ್ಹವಾಗಿರುವುದರಿಂದ ಅಲ್ಲಿಗೆ ಗಣಿತ ಶಿಕ್ಷಕರನ್ನು ಕೂಡಲೇ ನಿಯೋಜಿಸಲಾಗಿದೆ ಎಂದು ಆದೇಶ ಹೊರಟಿತು. ಹಳೇ ಹುಬ್ಬಳ್ಳಿಗೆ ಹೋಗಿದ್ದವರೇ ಹಳ್ಳಿಯ ಬಸ್ಸು ಹತ್ತಿದರು.

ಗಿರಿಜಾ ಆ ದಿನ ನಗುನಗುತ್ತ ಮನೆಗೆ ಬಂದಳು. ಹೊಸ ಮಾಸ್ತರು ಭಾಗಾಕಾರವನ್ನು ಮೊದಲಿನಿಂದ ಶುರು ಮಾಡಿದ್ದಾರಂತೆ. ಯಾರೂ ನೀರು ಕುಡಿಯಲು ಓಡಿಲ್ಲವಂತೆ. "ಅಂತೂ ನಿಮ್ಮ ಹೆಸರು ಕೆಟ್ಟದ್ದು ಹುಡುಗರಿಗೆ ಉಪಯೋಗಾತು ನೋಡ್ರಿ," ಎಂದಳು. ನಾನು ಅದನ್ನು ಮೆಚ್ಚುಗೆಯೆಂದೇ ತೆಗೆದುಕೊಂಡೆ. ಬೇರೆ ಯಾವ ಕಡೆಯಿಂದಲೂ ಅಂಥದ್ದು ಬರುವಂತಿರಲಿಲ್ಲ.

ಸತ್ಯ ಗೆದ್ದಿತೋ, ಚಾಡಿ ಗೆದ್ದಿತೋ ಎಂದು ಯೋಚಿಸುತ್ತ ಸಂಜೆ ಗೇಟಿನ ಬಳಿ ನಿಂತಿದ್ದೆ. ನಮ್ಮ ಓಣಿಯ ಹಿರಿಯರು, ಹತ್ತಿ ವ್ಯಾಪಾರ ಮಾಡಿ ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ಶೆಟ್ಟರ್ ಕಾಕಾ, ಆಚೀಚೆ ನೋಡಿ ಹತ್ತಿರ ಬಂದರು.

"ತಮ್ಮಾ, ನಡೀಲಿ, ತಪ್ಪೇನಿಲ್ಲ. ಮನ್ಯಾವ್ರಿಗೆ ಮಾಡಲಾರ್ದ ಯಾರಿಗೆ ಮಾಡೂದು? ಮುಂದಿನ ಸಲ ನಮ್ಮ ಮೊಮ್ಮಗಳ ಸಾಲಿನೂ ಒಂದೀಟ ಮ್ಯಾಲೆ ಹಾಕು."

ಹೋಲಿಕೆಯೇ ತಪ್ಪು, ಕಾಕಾ, ನಂಬರುಗಳಿಗೆ ಅರ್ಥವೇ ಇಲ್ಲ, ಮೊನ್ನೆಯಷ್ಟೇ ವಿವರವಾಗಿ ಬರೆದಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಆದರೆ ಇಷ್ಟು ವರ್ಷದ ಅಭ್ಯಾಸ ನೋಡಿ, ಹೊರಬಿದ್ದದ್ದು ಬೇರೆ ಮಾತು:

"ಈಗ ಎಷ್ಟನೇ ನಂಬರ್‍ನ್ಯಾಗ ಐತ್ರಿ?"