ಮೀನಿನ ಜೀನೂ ವಿಭೂತಿ ಪೊಟ್ಟಣವೂ

ನಗಬಾರದ ಜಾಗದಲ್ಲೇ ಶಿವ ನನ್ನನ್ನು ನಗಿಸುತ್ತಾನೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ನಾನು ತುಮಕೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದಾಗ, ಒಂದೇ ಲಕೋಟೆಯಿಂದ ಮೂರು ಸಲ ನಗಿಸಿದ. ನಡುವೆ ಒಂದು ಸಲ ಅಳಿಸಿದ, ಅದನ್ನೂ ಹೇಳಬೇಕು.

೧. ಮುಳ್ಳಿಲ್ಲದ ಮೀನು

ನಮ್ಮ ಮೇಡಂ ಕುಣಿಗಲ್‌ನಿಂದ ಬಸ್ಸಿನಲ್ಲಿ ಓಡಾಡಿಕೊಂಡು ಪಿಎಚ್.ಡಿ. ಮಾಡುತ್ತಿದ್ದರು. ಜೀಬ್ರಾ ಮೀನಿನ ಮೈ ರೋಗಾಣುವಿನ ಗುರುತು ಹಿಡಿಯುವುದು ಹೇಗೆ ಎಂಬುದು ವಿಷಯ. ಆ ಕೆಲಸ ಮಾಡುವ ಜೀನಿನ ನಕಲು, ಅಂದರೆ ಕ್ಲೋನ್, ವಿದೇಶದಿಂದ ಬರಬೇಕಿತ್ತು. ಅದಕ್ಕೆಂದು ಪಡೆದ ರಜೆಯಲ್ಲಿ ಉಳಿದಿದ್ದುದು ಮೂರೇ ತಿಂಗಳು. ಅಷ್ಟರೊಳಗೆ ಕ್ಲೋನ್ ಬರದಿದ್ದರೆ ಪಿಎಚ್.ಡಿ. ಅಲ್ಲಿಗೆ ಮುಗಿದಂತೆ.

ನಾನು ಒಯ್ದ ಆರ್ಡರ್ ಕಾಗದ ನೋಡಿ ಆಫೀಸಿನ ಸೂಪರಿಂಟೆಂಡೆಂಟರು ಕನ್ನಡಕ ಏರಿಸಿದರು.

"ಏನಮ್ಮಾ, ಮೀನು ತರಿಸ್ತೀರಾ?"

"ಮೀನಲ್ಲ ಸಾರ್, ಮೀನಿನ ಜೀನು."

"ಮುಳ್ಳಿರುತ್ತಾ?"

"ಇಲ್ಲ ಸಾರ್."

"ವಾಸನೆ?"

"ಅದೂ ಇಲ್ಲ."

"ಹಂಗಾದ್ರೆ ಸೈನ್ ಹಾಕ್ತೀನಿ ಬುಡಿ. ಇವತ್ತು ಸೋಮವಾರ, ಅದಕ್ಕೇ ಕೇಳ್ದೆ."

೨. ಬಿಳಿ ಕಾಗದ

ಎರಡು ತಿಂಗಳ ಮೇಲೆ ಒಂದು ಶನಿವಾರ ಲಕೋಟೆ ಬಂತು. ಒಳಗೆ ಅಂಗೈ ಅಗಲದ ದಪ್ಪ ಬಿಳಿ ಕಾಗದ, ಅದರ ಮೇಲೆ ಪೆನ್ಸಿಲಿನಲ್ಲಿ ಎಳೆದ ಒಂದು ಸುತ್ತು. ಅಷ್ಟೇ.

"ಮೋಸ ಹೋದ್ರಿ! ಖಾಲಿ ಕಾಗ್ದ ಕಳ್ಸವ್ರೆ," ಎಂದರು ಸೂಪರಿಂಟೆಂಡೆಂಟರು.

"ಆ ಸುತ್ತಿನೊಳಗೆ ಜೀನು ಒಣಗಿಸಿಟ್ಟಿದಾರೆ ಸಾರ್. ನೆನೆಸಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದ್ರೆ ಬೆಳೆಯುತ್ತೆ."

ಅವರು ಕಾಗದವನ್ನು ಬೆಳಕಿಗೆ ಹಿಡಿದರು. "ಕಾಣಲ್ವಲ್ಲ?"

"ದೇವರೂ ಕಾಣಲ್ಲ ಸಾರ್."

"ದೇವರನ್ನ ನಾವು ಸ್ಟಾಕ್ ಬುಕ್ಕಿಗೆ ಏರ್ಸಲ್ಲಮ್ಮ. ಬೆಳೆದ್ ಮೇಲೆ ತೋರ್ಸಿ."

೩. ಪ್ರಸಾದ

ಮೇಡಂ ಬರುವುದು ಸೋಮವಾರ. ಅಲ್ಲಿಯವರೆಗೆ ದೇವರ ಮುಂದಿರಲಿ ಎಂದು ಲಕೋಟೆಯನ್ನು ಗುಬ್ಬಿಗೆ, ನಮ್ಮ ಮನೆಗೆ ಒಯ್ದೆ.

ಸೋಮವಾರ ಬೆಳಿಗ್ಗೆ ಮೊದಲು ಅಮ್ಮ ಕೊಟ್ಟ ವಿಭೂತಿ ಪೊಟ್ಟಣವನ್ನು ಮೇಡಂ ಕೈಗಿಟ್ಟೆ. ಆಮೇಲೆ ನನ್ನ ಮೇಜಿಗೆ ಬಂದು ಲಕೋಟೆ ಬಿಚ್ಚಿದೆ. ಖಾಲಿ! ಕಣ್ಣಲ್ಲಿ ನೀರು ಬಂತು. ಮನೆಗೆ ಫೋನ್ ಮಾಡಿದೆ.

"ಆ ರಟ್ಟಿನಂಥ ಕಾಗ್ದಾನಾ?" ಎಂದರು ಅಮ್ಮ. "ಏನೂ ಬರ್ದಿರ್ಲಿಲ್ಲ ಕಣೇ. ಗಟ್ಟಿಯಾಗಿದೆ ಅಂತ ನಿಮ್ಮ ಮೇಡಂಗೆ ಅದ್ರಲ್ಲೇ ವಿಭೂತಿ ಕಟ್ದೆ. ಕೊಟ್ಯೋ ಇಲ್ವೋ?"

ಓಡಿದೆ. ಮೇಡಂ ಹಣೆಯಲ್ಲಿ ವಿಭೂತಿ ಇತ್ತು, ಕೈಯಲ್ಲಿ ಕಾಗದ ಇರಲಿಲ್ಲ. ಕಸದ ಬುಟ್ಟಿ ಬೋರಲು ಹಾಕಿ ಕೂತೆ.

"ಏನ್ರೀ ಹುಡುಕ್ತಿದೀರ?"

"ಪೊಟ್ಟಣದ ಕಾಗದ ಮೇಡಂ... ಅದೇ ನಿಮ್ಮ ಕ್ಲೋನು."

ದಿನಾ "ಲ್ಯಾಬಿಗೆ ದೇವರನ್ನ ತರಬೇಡಿ ಕಣ್ರೀ" ಎಂದು ನನ್ನನ್ನು ಛೇಡಿಸುತ್ತಿದ್ದವರು ಅತ್ತಿತ್ತ ನೋಡಿ ಪರ್ಸ್ ತೆಗೆದರು. "ಪ್ರಸಾದದ ಕಾಗದ ಕಸಕ್ಕೆ ಹಾಕ್ಬಾರ್ದಲ್ವಾ? ಮನೇಲಿ ತುಳಸಿ ಬುಡಕ್ಕೆ ಹಾಕೋಣ ಅಂತ ಇಟ್ಕೊಂಡೆ."

ಪೆನ್ಸಿಲ್ ಸುತ್ತು ಹಾಗೇ ಇತ್ತು. ಶಿವಾ ಎಂದು ಕಾಗದವನ್ನು ಕಣ್ಣಿಗೊತ್ತಿಕೊಂಡೆ. ಅವತ್ತೇ ಸುತ್ತನ್ನು ಕತ್ತರಿಸಿ ನೆನೆಸಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದೆವು. ಮಾರನೆಯ ದಿನ ಗಾಜಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದು ಬಿಳಿ ಚುಕ್ಕೆಗಳು. ಪರೀಕ್ಷೆ ಮಾಡಿದರೆ ಮೇಡಂಗೆ ಬೇಕಾದ ಜೀನೇ! ಅವರ ಪಿಎಚ್.ಡಿ. ಉಳಿಯಿತು.

ತಟ್ಟೆಯನ್ನು ಸೂಪರಿಂಟೆಂಡೆಂಟರಿಗೆ ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ಬಗ್ಗಿ ಆ ಬಿಳಿ ಚುಕ್ಕೆಗಳನ್ನು ನೋಡಿದರು. ಮೆಲ್ಲಗೆ ಚಪ್ಪಲಿ ಬಿಟ್ಟು ಕೈ ಮುಗಿದರು.

"ವಿಭೂತೀನೇ ಮೊಳ್ತೈತಲ್ಲಮ್ಮಾ! ತಡೀರಿ, ಸ್ಟಾಕ್ ಬುಕ್ ತರ್ತೀನಿ."