ರಾಗಿ ಗಿಡ ಬಾಡಿಸೋ ಕಷ್ಟ

ಗಿಡದ ಬಗ್ಗೆ ಓದಿದವಳು ಅಂತ ಒಂದು ಸಲ ಬೀದಿಗೆ ಗೊತ್ತಾದರೆ ಮುಗೀತು, ನೆಮ್ಮದಿಯಾಗಿ ಕಾಫಿ ಕುಡಿಯೋಕೂ ಬಿಡೋಲ್ಲ. ಎಪ್ಪತ್ತರ ದಶಕದ ಕೊನೆ. ಜಯನಗರದಲ್ಲಿ ಬಾಡಿಗೆ ಮನೆ. ನಾನು, ನಮ್ಮೆಜಮಾನ್ರು, ನಮ್ಮತ್ತೆ. ಗಿಡದೊಳಗೆ ನೀರು ಹೇಗೆ ಓಡಾಡುತ್ತೆ, ಎಲೆಯಲ್ಲಿ ಊಟ ಹೇಗೆ ತಯಾರಾಗುತ್ತೆ ಅನ್ನೋದು ನನ್ನ ಓದು. ಬೀದಿಯವರಿಗೆಲ್ಲ ನಾನು ‘ಗಿಡದ ಡಾಕ್ಟರಮ್ಮ’. ಡಾಕ್ಟರೇಟ್ ಮಾತ್ರ ಇನ್ನೂ ಬಂದಿರಲಿಲ್ಲ.

೧. ಕರಿಬೇವು

ಎದುರುಮನೆಯಾಕೆ ಬಂದರು. “ನಮ್ಮ ಕರಿಬೇವು ಬೆಳೀತಾನೇ ಇಲ್ಲ, ಯಾರದೋ ಕಣ್ಣು ಬಿದ್ದಿದೆ. ನೋಡ್ತೀರಾ?”

ಹೋಗಿ ನೋಡಿದರೆ ಬರೀ ಕಡ್ಡಿ. ದಿನಾ ಬೆಳಿಗ್ಗೆ ಚಿಗುರು ಬಂದಷ್ಟೂ ಸಾರಿಗೆ ಕೀಳೋರು.

“ಎಲೇನೇ ಗಿಡಕ್ಕೆ ಅಡುಗೆಮನೆ ಕಣ್ರೀ. ಅದನ್ನೇ ಕಿತ್ಕೊಂಡ್ರೆ ಅದು ಊಟಕ್ಕೆ ಎಲ್ಲಿ ಹೋಗ್ಬೇಕು?”

“ಅಯ್ಯೋ, ಹೌದಾ! ಸರಿ ಬಿಡಿ, ನಾಳೆಯಿಂದ ನಿಮ್ಮನೇದು ಕೀಳ್ತೀನಿ.”

೨. ಚೊಂಬು

ನನ್ನ ಥೀಸಿಸ್ಸು ರಾಗಿ ಮೇಲೆ. ನೀರಿಲ್ಲದಾಗ ಗಿಡದೊಳಗೆ ಏನಾಗುತ್ತೆ ಅಂತ ನೋಡಬೇಕು. ಅಂದರೆ ಬೇಕುಬೇಕು ಅಂತಲೇ ಬಾಡಿಸಬೇಕು. ಕಾಲೇಜಿನಲ್ಲಿ ಜಾಗ ಇಲ್ಲ ಅಂತ ಕುಂಡಗಳನ್ನು ನಮ್ಮ ತಾರಸಿ ಮೇಲೇ ಇಟ್ಟೆ. ಬಿಸಿಲಿಗೆ ಎಲೆ ಸುರುಟಿಕೊಳ್ಳೋಕೆ ಶುರುವಾಯ್ತು. ನನಗೋ ಹಬ್ಬ! ಮಾರನೇ ದಿನ ಹೋಗಿ ನೋಡ್ತೀನಿ, ಎಲ್ಲಾ ನೆಟ್ಟಗೆ ನಿಂತು ತೂಗಾಡ್ತಾ ಇವೆ.

ಓನರ್ ಆಂಟಿ ಕೆಳಗಿಂದಲೇ ಕೂಗಿದರು. “ಪಾಪ, ಒಣಗಿಹೋಗಿದ್ವು. ನಲ್ಲೀಲಿ ನೀರು ಬಂದಿತ್ತು, ಒಂದೊಂದು ಚೊಂಬು ಹಾಕ್ದೆ. ಏನಮ್ಮಾ, ಅಷ್ಟೊಂದು ಓದಿದೀಯ, ಗಿಡಕ್ಕೆ ನೀರು ಹಾಕ್ಬೇಕು ಅಂತ ಹೇಳ್ಕೊಡಲೇ ಇಲ್ವಾ?”

೩. ಬೋರ್ಡು

ಮತ್ತೆ ಬಿತ್ತಿದೆ, ಬೆಳೆಸಿದೆ, ಬಾಡಿಸೋಕೆ ಹೊರಟೆ. ಈ ಸಲ ‘ನೀರು ಹಾಕಬೇಡಿ’ ಅಂತ ದೊಡ್ಡದಾಗಿ ಬರೆದು ನೇತುಹಾಕಿದೆ. ಒಂದು ಸಂಜೆ ಮಣ್ಣು ಮುಟ್ಟಿದರೆ ಒದ್ದೆ, ಮೇಲೆ ಬೆಳ್ಳಗೆ ಕೆನೆ ಬೇರೆ.

“ಅತ್ತೇ! ನೀರು ಹಾಕಿದ್ರಾ?”

“ಬೋರ್ಡ್ ಓದ್ದೆ ಕಣೇ. ಅದಕ್ಕೇ ನೀರು ಹಾಕ್ಲಿಲ್ಲ, ಮಜ್ಜಿಗೆ ಹಾಕ್ದೆ. ಈ ಬಿಸಿಲಲ್ಲಿ ತಂಪಲ್ವಾ?” ಆಮೇಲೆ ಸಮಾಧಾನ ಮಾಡೋ ಹಾಗೆ ಅಂದರು, “ಒಗ್ಗರಣೆ ಹಾಕಿಲ್ಲ.”

೪. ಕಾವಲು

ಮೂರನೇ ಸಲ ಬಿತ್ತಿದೆ. “ಈ ಸಲವೂ ಹಾಳಾದ್ರೆ ಡಾಕ್ಟರೇಟ್ ಮರೆತುಬಿಡಮ್ಮ” ಅಂದುಬಿಟ್ಟರು ನನ್ನ ಗೈಡು. ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅತ್ತುಬಿಟ್ಟೆ. ಅತ್ತೆಗೆ ಕರುಳು ಚುರುಕ್ ಅಂತು. “ಅಳಬೇಡ, ಇನ್ಮೇಲೆ ಯಾವನು ನೀರು ಹಾಕ್ತಾನೋ ನೋಡೇಬಿಡ್ತೀನಿ” ಅಂದವರು ತಾರಸಿ ಮೇಲೆ ಚಾಪೆ ಹಾಕಿ ಕೂತರು. ಮಧ್ಯಾಹ್ನದ ನಿದ್ದೆ ಬಿಟ್ಟರು, ಹರಟೆ ಬಿಟ್ಟರು. ಗಿಡಗಳು ಚೆನ್ನಾಗಿ ಬಾಡಿದವು. ಇನ್ನೊಂದೇ ದಿನ ಹೀಗೇ ಇದ್ದರೆ ನನ್ನ ಕೆಲಸ ಮುಗೀತು.

ಅವತ್ತೇ ಗೈಡು ನೋಡೋಕೆ ಬಂದರು. ಗರಿಗರಿ ಸಫಾರಿ ಸೂಟು, ಮುಖದಲ್ಲಿ ನಗು ಅನ್ನೋದೇ ಇಲ್ಲ. ಅವರನ್ನು ಮೇಲೆ ಕಳಿಸಿ ಕಾಫಿ ಬೆರೆಸೋಕೆ ಒಳಗೆ ಹೋದೆ. ಮೇಲೆ ಧಡಬಡ ಸದ್ದು! ಓಡಿಹೋದೆ.

ಮಹಾನುಭಾವರು ಜೀವಮಾನವೆಲ್ಲ ಒಣಗಿದ ಗಿಡ ನೋಡಿದವರು. ಆದರೂ ನನ್ನ ರಾಗಿ ಕಂಡು “ಅಯ್ಯೋ ಪಾಪ” ಅಂತ ಅತ್ತೆಯ ಕುಡಿಯೋ ನೀರಿನ ಬಿಂದಿಗೇನೇ ಎತ್ತಿಬಿಟ್ಟಿದ್ದಾರೆ! ಅತ್ತೆ ಇನ್ನೊಂದು ಕಡೆಯಿಂದ ಹಿಡಿದು ಜಗ್ಗುತ್ತಿದ್ದಾರೆ. “ಬಿಡ್ರೀ! ನಮ್ಮ ಹುಡುಗಿ ಓದು ಹಾಳು ಮಾಡೋಕೆ ಬಂದ್ರಾ?”

ಬಿಂದಿಗೆ ಮೇಲೆದ್ದು ಬೋರಲಾಯ್ತು. ಅಷ್ಟೂ ನೀರು ಗೈಡ್ ಸಾಹೇಬರ ನೆತ್ತಿ ಮೇಲೆ.

ಅವರು ಕನ್ನಡಕ ತೆಗೆದರು, ಮೀಸೆ ಒರೆಸಿಕೊಂಡರು, ಕುಂಡಗಳನ್ನು ನೋಡಿದರು. ಒಂದು ಹನೀನೂ ಬಿದ್ದಿರಲಿಲ್ಲ.

“ಇಂಥಾ ಕಾವಲು ನಮ್ಮ ಕಾಲೇಜಿನಲ್ಲೂ ಇಲ್ಲಮ್ಮ. ನಾಳೆ ಅಳತೆ ತಗೊಂಡು ಥೀಸಿಸ್ ಬರಿ, ನಾನು ಸಹಿ ಹಾಕ್ತೀನಿ” ಅಂದು ಅತ್ತೆ ಕಡೆ ತಿರುಗಿದರು. “ತಾಯೀ, ಒಂದು ಟವೆಲ್ ಕೊಡ್ತೀರಾ?”

“ಕೊಡ್ತೀನಿ ಸಾರ್. ಮೊದ್ಲು ಗಿಡ ಬಿಟ್ಟು ಈ ಕಡೆ ಬನ್ನಿ, ತೊಟ್ಟಿಕ್ತಾ ಇದೀರ!”