ಕಚ್ಚಿದ ಮನೆಗೆಲ್ಲ ಮಂಡಕ್ಕಿ

ನಮ್ಮ ಭಾವ ಶಾಲೆ ಬಿಟ್ಟದ್ದು ಏಳನೇ ತರಗತಿಯಲ್ಲಿ. ಮತ್ತೆ ಹಿಡಿದದ್ದು ನಲವತ್ತಮೂರನೇ ವಯಸ್ಸಿನಲ್ಲಿ! ಹರಿಹರದಿಂದ ದಾವಣಗೆರೆಗೆ ವಾರಕ್ಕೆ ಮೂರು ಸಲವಾದರೂ ಬಂದು, ಹೆಡ್ ಮೇಡಂ ಕೋಣೆಯ ಹೊರಗೆ ಕೈಕಟ್ಟಿ ನಿಲ್ಲುತ್ತಿದ್ದರು. ಹಾಜರಿಗೆ ಬಹುಮಾನ ಇದ್ದಿದ್ದರೆ ಅವರಿಗೇ ಸಲ್ಲಬೇಕಿತ್ತು. ವಾರಕ್ಕೆ ಮೂರೋ, ಎರಡೋ? ನನ್ನ ನೆನಪು ಯಾವಾಗಲೂ ಒಂದಿಷ್ಟು ಕೂಡಿಸಿಯೇ ಹೇಳುತ್ತದೆ. ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಕಳೆದು ನಾನು ಕಲಿತದ್ದು ಯಾವುದನ್ನೂ ಸುಲಭಕ್ಕೆ ನಂಬಬಾರದೆಂಬುದೊಂದೇ. ಆ ಪಟ್ಟಿಯಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದೇನೆ.

ಅವರು ಅಲ್ಲಿ ನಿಲ್ಲುತ್ತಿದ್ದುದು ಮಗಳಿಗಾಗಿ. ನನ್ನ ಅಕ್ಕನಿಗೆ ಒಬ್ಬಳೇ ಮಗಳು; ಆಗ ಎಂಟು ವರ್ಷ, ಮೂರನೇ ತರಗತಿ. ಮನೆಯಲ್ಲಿ ಇರುವೆ ಸಾಲು ಕಂಡರೂ ಕಾಲೆತ್ತಿ ದಾಟುವ ಹುಡುಗಿ ಶಾಲೆಯಲ್ಲಿ ಗದ್ದಲ ಒಂದು ಹದ ಮೀರಿದರೆ ಕಿರುಚುತ್ತಿದ್ದಳು, ಪುಸ್ತಕ ಎಸೆಯುತ್ತಿದ್ದಳು, ಹತ್ತಿರ ಬಂದವರನ್ನು ಕಚ್ಚುತ್ತಿದ್ದಳು. ಆಮೇಲೆ ಕೊನೆಯ ಬೆಂಚಿನ ಕೆಳಗೆ ತೂರಿ, ಮೊಣಕಾಲಿಗೆ ಮುಖ ಒತ್ತಿ ಕೂತುಬಿಡುತ್ತಿದ್ದಳು. ಎರಡು ಶಾಲೆಗಳು ಆಗಲೇ ಕೈಮುಗಿದು ಕಳಿಸಿದ್ದವು; ಇದು ಮೂರನೆಯದು. ವಾರಕ್ಕೊಮ್ಮೆ ಅವಳೊಡನೆ ಕೂತು ಮಾತಾಡಿಸುವ ಡಾಕ್ಟರಮ್ಮ "ಟೈಮ್ ಬೇಕು" ಎನ್ನುತ್ತಿದ್ದರು. ಟೈಮು ಎಲ್ಲರ ಹತ್ತಿರವೂ ಇತ್ತು, ಶಾಲೆಯೊಂದನ್ನು ಬಿಟ್ಟು.

ಭಾವನದು ಮಂಡಕ್ಕಿ ಹುರಿಯುವ ಭಟ್ಟಿ. ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ: ಜಗಳವಾಡಿದ ಎರಡೂ ಕಡೆಯವರು ಒಂದೇ ಪೇಪರಿನ ಮೇಲೆ ಮಂಡಕ್ಕಿ ಸುರಿದುಕೊಂಡು ಕೈಹಾಕಿ ತಿಂದರೆ, ಅಲ್ಲಿಗೆ ರಾಜಿ. ಹಾಗಾಗಿ ಮಗಳು ಯಾರನ್ನಾದರೂ ಕಚ್ಚಿದ ದಿನ ಸಂಜೆ ಭಾವ ಆ ಮನೆಗೆ ಹಾಜರ್! ಬೈಕಿನ ಹಿಂದೆ ಮಂಡಕ್ಕಿ ಚೀಲ, ಅದರೊಳಗೆ ಬಿಸಿ ಮಿರ್ಚಿ ಬಜ್ಜಿ, ಈರುಳ್ಳಿ, ಒಂದು ಚಾಕು. ಚಾಕು ಹಿಡಿದು ಕ್ಷಮೆ ಕೇಳಲು ಹೋಗುವ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ?

ಶಾಮನೂರಿನ ಒಂದು ಮನೆಗೆ ನನ್ನನ್ನೂ ಕರೆದೊಯ್ದರು. ಕಚ್ಚಿಸಿಕೊಂಡ ಮಗುವಿನ ಅಪ್ಪ ಬಾಗಿಲಿಗೆ ಅಡ್ಡ ನಿಂತ.

"ನಿಮ್ಮ ಮಂಡಕ್ಕಿ ಬ್ಯಾಡ್ರಿ. ಮಗಳನ್ನ ಹದ್ದುಬಸ್ತಿನಾಗೆ ಇಟ್ಕೊಳ್ರಿ, ಸಾಕು."

"ಇಟ್ಕೊಂತೀನ್ರಿ. ಈರುಳ್ಳಿ ಸಣ್ಣಗೆ ಹೆಚ್ಚಲೋ, ದಪ್ಪಗೋ?"

"ಏನ್ ಮನುಷ್ಯಾರೀ ನೀವು! ನಾನು ಬೈತಾ ಇದೀನಿ!"

"ಬೈರಿ. ಕಿವಿ ಖಾಲಿ ಐತೆ, ಕೈಗೆ ಅಷ್ಟೇ ಕೆಲಸ."

ಮೆಟ್ಟಿಲ ಮೇಲೇ ಪೇಪರ್ ಹಾಸಿದರು. ಹತ್ತು ನಿಮಿಷದಲ್ಲಿ ಆತ ಮಿರ್ಚಿ ಕಡಿದು ಮೂಗು ಒರೆಸಿಕೊಳ್ಳುತ್ತ, "ನಮ್ ತಂಗೀನೂ ಸಣ್ಣೋಳಿದ್ದಾಗ ಹಿಂಗೇ ಇದ್ಲು ಬಿಡ್ರಿ" ಎಂದ. ಬೈಕ್ ಹತ್ತುವಾಗ ನಾನು ಸುಮ್ಮನಿರಬೇಕಲ್ಲ! "ಭಾವ, ಇದು ಪರಿಹಾರ ಅಲ್ಲ. ವೈಜ್ಞಾನಿಕವಾಗಿ ನೋಡಿದರೆ..." ಎಂದೆ.

"ವೈಜ್ಞಾನಿಕವಾಗಿ ಅವ್ರು ಎರಡು ಸಲ ಹಾಕಿಸ್ಕೊಂಡ್ರಲ್ಲಪ್ಪ!"

ನನ್ನ ಅನುಮಾನವೇ ನಿಜವಾಯಿತು. ಹಾಗೆ ನಿಜವಾದದ್ದಕ್ಕೆ ನನಗೆ ಇವತ್ತಿಗೂ ಸಂತೋಷವಿಲ್ಲ. ದೀಪಾವಳಿ ಹೊತ್ತಿಗೆ ಕಚ್ಚುವುದು ಕಡಿಮೆಯಾಗುವ ಬದಲು ಹೆಚ್ಚಾಯಿತು. ಡಾಕ್ಟರಮ್ಮನಿಗೂ ಕಾರಣ ತಿಳಿಯಲಿಲ್ಲ. ತಿಳಿಸಿದವಳು ಎರಡು ಜಡೆಯ ಒಬ್ಬ ಸಹಪಾಠಿ. ಶಾಲೆಯ ಗೇಟಿನಲ್ಲಿ ಭಾವನನ್ನು ಕಂಡವಳೇ ಓಡಿಬಂದು, ಹಲ್ಲಿನ ಗುರುತಿದ್ದ ಮುಂಗೈಯನ್ನು ಪದಕದಂತೆ ಮುಂದೆ ಹಿಡಿದಳು.

"ಅಂಕಲ್, ಇವತ್ತು ನಮ್ಮನೆಗೆ ಬರ್ರಿ! ನನ್ನೂ ಕಚ್ಚಿದ್ಲು!"

"ಯಾಕ ಕಚ್ಚಿದ್ಲವ್ವಾ?"

"ಕಿವಿ ಹತ್ರ ಡಬ್ಬಿ ಬಡಿದ್ವಿ. ಬಡಿದ್ರೆ ಕಚ್ತಾಳೆ. ಮಿರ್ಚಿ ಜಾಸ್ತಿ ತರ್ರಿ, ನಮ್ಮಜ್ಜಿನೂ ಬಂದಾಳೆ."

ನನಗೆ ನಗು ಬಂತು. ಭಾವ ನಗಲಿಲ್ಲ. ಬೈಕಿನ ಹ್ಯಾಂಡಲ್ ಹಿಡಿದು ನಿಂತೇ ಇದ್ದರು. ತನ್ನ ಮಗಳನ್ನು ಕೆಣಕಿರೆಂದು ಇಡೀ ತರಗತಿಗೆ ತಾನೇ ಆಸೆ ಹಚ್ಚಿದಂತಾಗಿತ್ತು. ಆ ಸಂಜೆ ಅವರು ಯಾರ ಮನೆಗೂ ಹೋಗಲಿಲ್ಲ.

ಅದೇ ವಾರದ ಶುಕ್ರವಾರ ಹೆಡ್ ಮೇಡಂ ಕರೆಸಿದರು. ಟಿಸಿ ಬರೆದು ಮೇಜಿನ ಮೇಲಿಟ್ಟಿದ್ದರು. ಅದು ಕೈಗೆ ಬಂದರೆ ನಾಲ್ಕನೇ ಶಾಲೆ ಇಲ್ಲ. ಎಲ್ಲ ಕಡೆ ಕೇಳಿ ನೋಡಿದ್ದೆವು, ಅವಳ ಹೆಸರು ನಮಗಿಂತ ಮೊದಲೇ ಅಲ್ಲಿಗೆ ಮುಟ್ಟಿರುತ್ತಿತ್ತು. ಓದಿದವನೆಂದು ಭಾವ ನನ್ನನ್ನು ಜೊತೆಗೆ ಕರೆದಿದ್ದರು. ಮೂರು ಪುಟ ವಾದ ಬರೆದುಕೊಂಡು ಹೋಗಿದ್ದೆ. ಎರಡನೇ ಪುಟಕ್ಕೆ ಮೇಡಂ ಕೈಯೆತ್ತಿದರು.

"ನೀವು ಹೇಳೋದೆಲ್ಲ ಸರಿ ಸರ್. ಆದ್ರೆ ಅದೇ ಕ್ಲಾಸಿನಾಗೆ ನನಗೆ ಇನ್ನೂ ಮೂವತ್ತೆಂಟು ಮಕ್ಕಳು ಅದಾವೆ."

ಮೂರನೇ ಪುಟ ನನ್ನ ಕೈಯಲ್ಲೇ ಉಳಿಯಿತು. ಭಾವ ಎದ್ದು ನಿಂತರು.

"ತಪ್ಪು ನಂದ್ರಿ ಮೇಡಂ. ಕಚ್ಚಿಸ್ಕೊಂಡೋರ ಮನೆಗೆಲ್ಲ ಹೋದೆ. ನಿನಗೇನಾತವ್ವಾ ಅಂತ ಅವಳನ್ನ ಒಂದು ಸಲ ಕೇಳ್ಲಿಲ್ಲ. ಅದೊಂದು ಮಾತು ಆಡಿ ಬರ್ತೀನಿ, ಆಮೇಲೆ ಆ ಕಾಗದ ಕೊಡ್ರಿ."

ಆ ಕಾಗದ ನಮ್ಮ ಕೈಗೆ ಬರಲೇ ಇಲ್ಲ. ಅವಳೀಗ ಅದೇ ಶಾಲೆಯಲ್ಲಿ ನಾಲ್ಕನೇ ತರಗತಿ. ಕಿರುಚುವುದು ನಿಂತಿಲ್ಲ, ಕಚ್ಚುವುದು ಬಹಳ ಕಡಿಮೆಯಾಗಿದೆ. ಟಿಸಿ ತಪ್ಪಿಸಿದ್ದು ನನ್ನ ವಾದವೇ ಎಂದು ಮನೆಯಲ್ಲಿ ಕೆಲವು ದಿನ ಹೇಳಿಕೊಂಡು ತಿರುಗಿದೆ. ಸುಳ್ಳು. ನಡೆದದ್ದು ಇಷ್ಟು.

ಮಕ್ಕಳನ್ನು ಮೈದಾನಕ್ಕೆ ಕಳಿಸಿದ್ದರು. ತರಗತಿಯಲ್ಲಿ ಅವಳೊಬ್ಬಳೇ, ಬೆಂಚಿನ ಕೆಳಗೆ. ಭಾವ ದೊಡ್ಡ ಮೈಯ ಆಳು. ನೆಲಕ್ಕೆ ಅಡ್ಡಬಿದ್ದು ತೂರಲು ನೋಡಿದರು; ತಲೆ, ಒಂದು ಭುಜ ಮಾತ್ರ ಹಿಡಿಸಿತು, ಉಳಿದದ್ದೆಲ್ಲ ಹೊರಗೇ! ನಾನೂ ಮೇಡಮ್ಮೂ ಬಾಗಿಲಲ್ಲಿ ನಿಂತಿದ್ದೆವು.

"ತಪ್ಪಾತವ್ವಾ," ಎಂದರು ಭಾವ. "ನನ್ನ ಕ್ಷಮಿಸಿಬಿಡು."

ಅವಳು ಮೊಣಕಾಲಿನಿಂದ ಮುಖವೆತ್ತಿ ಅಪ್ಪನನ್ನು ನೋಡಿದಳು.

"ಅಪ್ಪಾ, ನೀನು ಯಾರನ್ನ ಕಚ್ಚಿದೆ?"

ಭಾವನ ಬೆನ್ನು ಅಲುಗುತ್ತಿತ್ತು. ನನ್ನ ಪಕ್ಕದಲ್ಲಿ ಮೇಡಂ ಕೈಯಲ್ಲಿದ್ದ ಕಾಗದ ಮಡಿಕೆಯ ಮೇಲೆ ಮಡಿಕೆಯಾಗಿ ಚಿಕ್ಕದಾಗುತ್ತ ಹೋಯಿತು. ಇದೊಂದನ್ನು ನಾನು ಅನುಮಾನಿಸುವುದಿಲ್ಲ.

ಅವಳು ಗೋಡೆಯ ಕಡೆಗೆ ಒಂದಿಷ್ಟು ಸರಿದು ಅಪ್ಪನಿಗೆ ಜಾಗ ಬಿಟ್ಟು, ಅವರ ಬೆವೆತ ನೆತ್ತಿಯ ಮೇಲೆ ಕೈಯಿಟ್ಟಳು.

"ಇರ್ಲಿ ಬಿಡಪ್ಪ," ಎಂದಳು. "ನೀನು ಬೇಕಂತ ಕಚ್ಚಿರಲ್ಲ."